ಎಡಗಡೆ ಸೀಟಿನ ಬ್ರೇಕು

ಕಾಲು ಹೋಗಲಿಲ್ಲ.

ಅಷ್ಟೇ ಆಗಿದ್ದು. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದವಳು ಸವಿತಾ. ಅಂಗನವಾಡಿ ಟೀಚರ್, ಹೊಸದಾಗಿ ಕಲಿಯಲು ಸೇರಿದ್ದಳು. ನಾನು ಅವಳ ಎಡಗಡೆ ಕೂತಿದ್ದೆ. ಮದ್ದೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು ನಾನು. ನಮ್ಮಂಥವರ ಕಾರಿನಲ್ಲಿ ಕಲಿಸುವವರ ಕಾಲಿನ ಹತ್ತಿರವೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಯಾಗಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಾಗ ನಾವು ಇದನ್ನು ಒತ್ತುತ್ತೇವೆ. ಸವಿತಾ ಗಾಬರಿಯಾದಳು. ನಾನು ಒತ್ತಿದೆ. ಒತ್ತಿದೆ ಅಂದುಕೊಂಡೆ.

ಕಬ್ಬಿನ ಜಲ್ಲೆಗಳು ಗಾಜು ಒಡೆದುಕೊಂಡು ಒಳಗೆ ನುಗ್ಗಿದವು. ಒಂದು ಜಲ್ಲೆ ನನ್ನ ಕಿವಿ ಹರಿದು ಸೀಟಿಗೆ ನಾಟಿತು. ಸವಿತಾಳ ಹಣೆ ಒಡೆದು ಕಣ್ಣಿಗೆಲ್ಲ ರಕ್ತ ಇಳಿಯುತ್ತಿತ್ತು. "ಮೇಡಂ, ಬ್ರೇಕ್ ಯಾಕ್ ಒತ್ನಿಲ್ಲ? ಯಾಕ್ ಒತ್ನಿಲ್ಲ?" ಎಂದು ಕಿರುಚುತ್ತಿದ್ದಳು. ಉತ್ತರ ಹೇಳಲು ಬಾಯಿ ತೆರೆದೆ. ಬರೀ ಜೊಲ್ಲು ಬಂತು.

ಮಂಡ್ಯದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರು. "ಆಕ್ಸಿಡೆಂಟ್ ಆಗಿ ಸ್ಟ್ರೋಕ್ ಆಗಿಲ್ಲ. ಸ್ಟ್ರೋಕ್ ಆಗಿದ್ದಕ್ಕೆ ಆಕ್ಸಿಡೆಂಟ್ ಆಗಿದೆ," ಎಂದರು ಡಾಕ್ಟರ್. ಬಿ.ಪಿ. ಏರಿ ಮಿದುಳಿನ ಎಡಭಾಗದಲ್ಲಿ ರಕ್ತ ಒಸರಿತ್ತಂತೆ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋಗಿದ್ದವು. ಬೇರೆಯವರು ಹೇಳುವುದೆಲ್ಲ ಅರ್ಥವಾಗುತ್ತಿತ್ತು. ಏನೂ ಅರ್ಥವಾಗದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಆ ದಿನಗಳಲ್ಲಿ ಅನ್ನಿಸಿದೆ.

ಮಾತು ಪೂರ್ತಿ ಹೋಗಿರಲಿಲ್ಲ. ಅದು ಗೊತ್ತಾಗಿದ್ದು ವಾರ್ಡಿನಲ್ಲಿ. ನಮ್ಮ ಮನೆಯವರು ಗಂಜಿ ಕುಡಿಸುವಾಗ ಬಿಸಿಬಿಸಿಯಾದದ್ದನ್ನು ನನ್ನ ಕತ್ತಿನ ಮೇಲೆ ಚೆಲ್ಲಿಬಿಟ್ಟರು.

"ಮುಂಡೇಮಗನೆ!"

ಒಂದಕ್ಷರ ತೊದಲಲಿಲ್ಲ. ಮಂಚದ ಪಕ್ಕದಲ್ಲೇ ನಮ್ಮ ಅತ್ತೆ ನಿಂತಿದ್ದರು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅತ್ತೆಯ ಮುಖ ಕಪ್ಪಿಟ್ಟಿತು.

"ನೀರ್ ಕೇಳಾಕೆ ಬಾಯಿ ಬರಾಕಿಲ್ಲ. ನನ್ ಮಗುನ್ನ ಬಯ್ಯಾಕೆ ಎಂಗ್ ಬತ್ತದೆ ಡಾಕ್ಟ್ರೆ?"

ಡಾಕ್ಟರ್ ನಗು ತಡೆದುಕೊಂಡರು. "ಬೈಗುಳ ಮಿದುಳಿನ ಇನ್ನೊಂದು ಕಡೆಯಿಂದಲೂ ಬರುತ್ತೆ ಅಮ್ಮ. ಬಯ್ಯಲಿ ಬಿಡಿ, ಅದೂ ಒಳ್ಳೇದೇ."

"ನಾವ್ ಬ್ಯಾಡ ಅಂದ್ರೆ ಬುಟ್ಟಾಳಾ?"

ಮನೆಗೆ ಬಂದ ಮೇಲೆ ನನಗೆ ಉಳಿದಿದ್ದು ಬೈಗುಳ ಮತ್ತು ಎಡಗೈ. ಎರಡನ್ನೂ ಚೆನ್ನಾಗಿ ಬಳಸಿದೆ. ಲೋಟ ಎಸೆದೆ, ತಟ್ಟೆ ಎಸೆದೆ. ಮೈ ಒರೆಸಲು ಬಂದ ಗಂಡನ ಕೆನ್ನೆಗೆ ಬಾರಿಸಿದೆ. ಅವರು ಕೆಳಗೆ ಬಿದ್ದ ಕನ್ನಡಕ ಎತ್ತಿಕೊಂಡು, ಹಾಕಿಕೊಂಡು, ಮತ್ತೆ ಮೈ ಒರೆಸಿದರು. ನನಗೆ ಇನ್ನೂ ಸಿಟ್ಟು ಬಂತು. ನೋಡಲು ಬಂದವರು ಬಾಗಿಲಲ್ಲೇ "ಎಂಗಿದ್ದೋಳು ಎಂಗಾಗೋದ್ಲು" ಎಂದು ಲೊಚಗುಟ್ಟುತ್ತಿದ್ದರು. ಫಿಸಿಯೋಥೆರಪಿಸ್ಟ್ "ಕಾಲು ಎತ್ತಿ ಮೇಡಂ, ಒಂದ್ಸಲ ಎತ್ತಿ" ಎನ್ನುತ್ತಿದ್ದರು. ನಾನು ಒಳಗೊಳಗೇ ಏಳು ಏಳು ಎಂದು ಕಾಲಿಗೆ ಕೂಗಿ ಹೇಳುತ್ತಿದ್ದೆ. ಕಾಲು ಬಿದ್ದಲ್ಲೇ ಬಿದ್ದಿರುತ್ತಿತ್ತು. ಕಾಲು ಬರದಿದ್ದರೆ ಸ್ಕೂಲ್ ಇಲ್ಲ, ಸ್ಕೂಲ್ ಇಲ್ಲದಿದ್ದರೆ ನಾನು ಯಾರೂ ಅಲ್ಲ ಅನ್ನಿಸುತ್ತಿತ್ತು.

ನಮ್ಮ ಮನೆಯವರ ಬಗ್ಗೆ ಹೇಳಬೇಕು. ಮಳವಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾರೆ, ಬಸ್ಸಿನಲ್ಲಿ ಓಡಾಡುತ್ತಾರೆ. ಊರಿಗೆಲ್ಲ ಡ್ರೈವಿಂಗ್ ಕಲಿಸಿದವಳ ಗಂಡನಿಗೆ ಡ್ರೈವಿಂಗ್ ಬಾರದು. ಒಂದು ಸಲ ಕಲಿಸಲು ಹೋಗಿದ್ದೆ. ನಾಲೆ ಏರಿಯ ಮೇಲೆ ತಿರುವು ಬಂದಾಗ ಈ ಮಹಾನುಭಾವರು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರು. ಬ್ರೇಕ್ ಒತ್ತಿ ಉಳಿಸಿದೆ, ಬಾಯಿಗೆ ಬಂದಂತೆ ಬಯ್ದೆ. ಆಮೇಲೆ ಅವರು ಬಲಗಡೆ ಸೀಟಿನಲ್ಲಿ ಕೂತಿರಲಿಲ್ಲ.

ಈಗ ನನ್ನನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಲು ಸಲಸಲವೂ ಯಾರನ್ನಾದರೂ ಬೇಡಬೇಕು. ಅದಕ್ಕೆ ಅವರೊಬ್ಬರಿಗೇ ಹೊಳೆಯಬಹುದಾದ ಉಪಾಯ ಮಾಡಿದರು. ಕಂಪ್ಯೂಟರಿನಲ್ಲಿ ಆಡುವ ಕಾರ್ ರೇಸಿಂಗ್ ಆಟ ತಂದರು. ಜೊತೆಗೆ ಒಂದು ಸ್ಟೀರಿಂಗ್, ಮೂರು ಪೆಡಲ್. ಎಲ್ಲವನ್ನೂ ಊಟದ ಟೇಬಲ್ಲಿಗೆ ಬಿಗಿದರು.

"ಮೊದ್ಲು ಇದ್ರಲ್ಲಿ ಕಲ್ತ್ಕತೀನಿ ಕಣೆ. ಇಲ್ಲಿ ಗುದ್ದುದ್ರೂ ಯಾರೂ ಸಾಯಾಕಿಲ್ಲ."

ಮಕ್ಕಳಾಟ ಎಂದು ಮುಖ ತಿರುಗಿಸಿದೆ. ಆದರೆ ಕಿವಿ ಕೇಳುತ್ತದಲ್ಲ. ಗೇರ್ ಬದಲಿಸುವಾಗ ಇಂಜಿನ್ ದನಿ ಇಳಿಯುವುದು ಸರಿಯಾಗಿತ್ತು. ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಬದಿ ಜಾರಿ ಹೋಗುವುದೂ ಸರಿಯಾಗಿತ್ತು. ಇದನ್ನು ಮಾಡಿದವರು ಕಾರು ಬಲ್ಲವರು ಅನ್ನಿಸಿತು.

ಮಾರನೇ ದಿನ ಅವರು ಸ್ಕೂಲಿಗೆ ಹೋದ ಮೇಲೆ ಅತ್ತೆಗೆ ಸನ್ನೆ ಮಾಡಿ ಗಾಲಿಕುರ್ಚಿಯನ್ನು ಟೇಬಲ್ಲಿಗೆ ತಳ್ಳಿಸಿಕೊಂಡೆ. ಎಡಗೈಯಲ್ಲಿ ಸ್ಟೀರಿಂಗ್, ಎಡಗಾಲಲ್ಲಿ ಆಕ್ಸಿಲರೇಟರ್. ಕಾರನ್ನು ಹಿಂದುಮುಂದಾಗಿ ತಿರುಗಿಸಿ, ಎದುರು ಬರುತ್ತಿದ್ದ ಅಷ್ಟೂ ಕಾರುಗಳ ಮೇಲೆ ನುಗ್ಗಿಸಿದೆ.

ಬಾನೆಟ್ ಮಡಚಿ ಮೇಲೆದ್ದಿತು. ಗಾಜು ಪುಡಿಯಾಯಿತು. ಒಂದು ಚಕ್ರ ಕಳಚಿ ಹಾರಿತು. ಸ್ಟೀರಿಂಗ್ ಒದ್ದುಕೊಂಡು ನನ್ನ ಮಣಿಕಟ್ಟು ತಿರುಚಿತು, ನಿಜವಾದ ನೋವು. ಮತ್ತೆ ಶುರು ಮಾಡಿ ಗೋಡೆಗೆ ಹೊಡೆದೆ. ಮತ್ತೊಬ್ಬನನ್ನು ಪಕ್ಕದಿಂದ ಗುದ್ದಿ ಉರುಳಿಸಿದೆ. ಎಷ್ಟು ಸುಖವಾಯಿತೆಂದು ಹೇಳಲು ನಾಚಿಕೆಯೇನಿಲ್ಲ. ಇಡೀ ಬದುಕು ಬೇರೆಯವರು ಗುದ್ದದಂತೆ ಕಾಯ್ದವಳು ನಾನು. ಮತ್ತೆ, ಅಪ್ಪಚ್ಚಿಯಾದ ಕಾರು ಅಲ್ಲಿ ಅಪ್ಪಚ್ಚಿಯಾಗಿಯೇ ಉಳಿಯುತ್ತಿತ್ತು, ಸ್ಟೀರಿಂಗ್ ಒಂದು ಕಡೆಗೇ ಎಳೆಯುತ್ತಿತ್ತು. ಅಯ್ಯೋ ಪಾಪ ಎಂದು ಅದು ಒಂದು ಸಲವೂ ನನಗೆ ರಿಯಾಯಿತಿ ತೋರಲಿಲ್ಲ. ಮನೆಯಲ್ಲಿ ನನ್ನನ್ನು ಹಾಗೆ ನಡೆಸಿಕೊಂಡಿದ್ದು ಅದೊಂದೇ. ಅವತ್ತು ಯಾರ ಮೇಲೂ ತಟ್ಟೆ ಎಸೆಯಲಿಲ್ಲ.

ಸಂಜೆಗಳಲ್ಲಿ ಅವರು ಕಲಿಯುತ್ತಿದ್ದರು, ನಾನು ಅವರ ಎಡಗಡೆ ಕುರ್ಚಿಯಲ್ಲಿ ಕೂತು ಬಯ್ಯುತ್ತಿದ್ದೆ. ಒಂದು ಸಂಜೆ ಕಡಿದಾದ ತಿರುವು ಬಂತು. ಗಾಬರಿಯಾದರು. ಪೂರ್ತಿ ಆಕ್ಸಿಲರೇಟರ್ ತುಳಿದರು. ಎದುರಿಗೆ ಗೋಡೆ.

ದಪ್ ಎಂದು ಸದ್ದಾಯಿತು.

"ಲೇ, ಅವಳ್ ಕಾಲ್ ನೋಡ್ಲಾ! ಬಲಗಾಲು!" ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಿದರು.

ನನ್ನ ಬಲಗಾಲು ನೆಲವನ್ನು ಒದ್ದಿತ್ತು. ಇಲ್ಲದ ಬ್ರೇಕನ್ನು ಒತ್ತಿತ್ತು. ನಾನು ಜೋರಾಗಿ ಅತ್ತುಬಿಟ್ಟೆ.

"ಹೀಗೂ ಆಗುತ್ತೆ. ಬೇಕು ಅಂತ ಎತ್ತಿದ್ರೆ ಬರದ ಕಾಲು, ಅಭ್ಯಾಸ ಬಲದಿಂದ ಬರಬಹುದು. ದಿನಾ ಮಾಡಿಸಿ," ಎಂದರು ಫಿಸಿಯೋಥೆರಪಿಸ್ಟ್.

ಆದರೆ ಅಷ್ಟರಲ್ಲಿ ಮನೆಯವರಿಗೆ ಡ್ರೈವಿಂಗ್ ಬರತೊಡಗಿತ್ತು. ನನಗೋಸ್ಕರ ಬೇಕೆಂದೇ ಗುದ್ದಿದರು. ಕಾಲು ಅಲ್ಲಾಡಲಿಲ್ಲ. ಅದಕ್ಕೆ ನಾಟಕ ಗೊತ್ತಾಗುತ್ತಿತ್ತು. ನಿಜವಾಗಿಯೂ ಬಾರದವರೇ ಬೇಕಿತ್ತು.

ಹಾಗಾಗಿ ಅತ್ತೆ ಕೂತರು.

ಸೆರಗು ಸಿಕ್ಕಿಸಿಕೊಂಡು, ಎಮ್ಮೆಯ ಹಗ್ಗ ಜಗ್ಗುವ ಹಾಗೆ ಸ್ಟೀರಿಂಗ್ ಜಗ್ಗಿದರು. "ಅಡ್ಡ ಬಂದ್ರೆ ಬುಟ್ಟೇನಾ?" ಎನ್ನುತ್ತಾ ಮುಂದಿದ್ದ ಕಾರುಗಳನ್ನು ಒಂದೊಂದಾಗಿ ಗುದ್ದಿ ಕೆಡವಿದರು. ಬೇಲಿ ಮುರಿದರು, ಪಲ್ಟಿ ಹೊಡೆದರು. "ನಿಲ್ಲೇ, ನಿಲ್ಲೇ!" ಎಂದು ಕಾರಿಗೇ ಬಯ್ದರು. ನಾನು ಒದ್ದೆ, ಒದ್ದೆ, ತೊಡೆ ನಡುಗುವವರೆಗೂ ನೆಲ ಒದ್ದೆ. ಬಾಯಲ್ಲಿ ಅದೇ ಬೈಗುಳ. ಅತ್ತೆ ಕಣ್ಣು ಪರದೆಯಿಂದ ಕೀಳದೆ, "ಬಯ್ಯಿ ತಾಯಿ, ಬಯ್ಯಿ. ಕಾಲ್ ಬರ್ಲಿ" ಎಂದರು.

ಈಗ ಕೋಲು ಹಿಡಿದು ನಡೆಯುತ್ತೇನೆ. ಮಾತು ಒಂದೊಂದೇ ವಾಪಸು ಬರುತ್ತಿದೆ. ಇದನ್ನು ಎಡಗೈಯಲ್ಲಿ ಮೊಬೈಲಿನಲ್ಲಿ ಬರೆದಿದ್ದೇನೆ, ಬಿಟ್ಟುಹೋದ ಪದಗಳನ್ನು ಮನೆಯವರು ಸೇರಿಸಿದ್ದಾರೆ. ಸವಿತಾ ಬಂದು ಹೋದಳು. ಹಣೆಯ ಮೇಲೆ ಗಾಯದ ಗೆರೆ ಉಳಿದಿದೆ. ನನ್ನ ಕಾಲು ಒತ್ತಿ ನೋಡಿ "ಬಂತಲ್ಲ ಬುಡಿ ಮೇಡಂ" ಎಂದಳು.

ಹೋದ ಭಾನುವಾರ ಊರಾಚೆಯ ಮೈದಾನಕ್ಕೆ ರಿಪೇರಿಯಾದ ನಮ್ಮ ಕಾರನ್ನು ತರಿಸಿದೆವು. ಮನೆಯವರು ಬಲಗಡೆ ಕೂತರು, ನಾನು ಎಡಗಡೆ. ಬಲಗಾಲನ್ನು ನನ್ನ ಬ್ರೇಕಿನ ಮೇಲೆ ಇಟ್ಟುಕೊಂಡೆ. ಎರಡು ಸುತ್ತು ಸರಿಯಾಗಿ ಹೋಯಿತು. ಮೂರನೇ ಸುತ್ತಿನಲ್ಲಿ ಒಂದು ಮೇಕೆ ಓಡಿ ಅಡ್ಡ ಬಂತು.

ಒತ್ತಿದೆ. ಈ ಸಲ ಕಾಲು ಹೋಯಿತು.

ಆದರೆ ಅವರ ಬ್ರೇಕಿಗೆ ಜೋಡಿಸಿದ್ದ ನನ್ನ ಪೆಡಲ್ ಆಗಲೇ ಕೆಳಗಿತ್ತು. ಅವರು ನನಗಿಂತ ಮೊದಲೇ ಒತ್ತಿದ್ದರು, ಕಾರು ನಿಂತಿತ್ತು. ಇಷ್ಟು ತಡವಾಗಿ ಬರುವ ಕಾಲನ್ನು ನಂಬಿ ನಾಳೆ ಯಾರ ಮಗಳನ್ನೂ ರಸ್ತೆಗೆ ಕರೆದೊಯ್ಯುವಂತಿಲ್ಲ. ಅದು ಆ ಕ್ಷಣದಲ್ಲೇ ಗೊತ್ತಾಯಿತು. ಮೇಕೆ ಹೋಯಿತು. ಮನೆಯವರು ಸ್ಟೀರಿಂಗ್ ಬಿಡದೆ, ಬೈಗುಳಕ್ಕೆ ಭುಜ ಕುಗ್ಗಿಸಿಕೊಂಡು ಕಾಯುತ್ತಿದ್ದರು.

ಬೈಗುಳ ಬರಲಿಲ್ಲ. ಬಾಯಿ ಬೇರೊಂದು ಮಾತು ಹುಡುಕಾಡಿತು.

"ಸ್ಟೀರಿಂಗು... ಚೆನ್ನಾಗಿ ಇಡುದ್ರಿ," ಎಂದೆ.

ಅವರು ತಿರುಗಿ ನನ್ನನ್ನು ನೋಡಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಓಗಿ," ಎಂದೆ. "ಮೊದಲ್ನೇ ಗೇರು."