ಕರಿ ಗುಳಿಗೆಯ ವಿಷಯ ನಾನು ಹೇಳಲಿಲ್ಲ

ಒಂದೇ ಬೆಳಿಗ್ಗೆ ನಾನು ಇಬ್ಬರಿಗೆ ಸುಳ್ಳು ಹೇಳಿದೆ. ಡಾಕ್ಟರು ಕೇಳಿದಾಗ ‘ಇಲ್ಲ’ ಎಂದೆ. ಜೈನಾಬಿ ಕೇಳಿದಾಗ ‘ಹೇಳಿದೆ’ ಎಂದೆ. ಅಷ್ಟೇ. ಎರಡು ಪದ. ಅದರಿಂದ ಒಬ್ಬ ಹೆಂಗಸಿನ ಕೈಬೆರಳುಗಳು ಹೋದವು — ಅದರಿಂದಲೇ ಹೋದವು ಎಂದು ಖಚಿತವಾಗಿ ಹೇಳುವುದಕ್ಕೂ ನನಗೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದೇ ನನ್ನ ತಪ್ಪಿನ ದೊಡ್ಡ ಭಾಗ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಮದುವೆಯಾಗಿರಲಿಲ್ಲ, ಬಾಡಿಗೆ ಮನೆಯಲ್ಲಿ ನಾನು, ನನ್ನ ತಾಯಿ, ಇಬ್ಬರೇ. ಡಾಕ್ಟರು ಒಳ್ಳೆಯವರು, ಆದರೆ ಬಹಳ ಕಟ್ಟುನಿಟ್ಟು. ನನಗಿಂತ ಮೊದಲು ಇದ್ದ ನರ್ಸು ರೋಗಿಗಳಿಗೆ ತನ್ನದೇ ಯಾವುದೋ ಪುಡಿ ಕೊಡುತ್ತಿದ್ದಳೆಂದು ತಿಳಿದ ದಿನವೇ ಅವಳನ್ನು ಮನೆಗೆ ಕಳಿಸಿದ್ದರು. ಆ ಕತೆಯನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರೇ ನನಗೆ ಹೇಳಿದ್ದರು.

ಜೈನಾಬಿ ಗುಬ್ಬಿಯವಳು. ನಾನೂ ಅಲ್ಲೇ ಬೆಳೆದವಳು. ಅವರದು ಬಳೆ ಅಂಗಡಿ. ಗಂಡ ಬಳೆಯ ಗಂಟು ಹೊತ್ತು ಕಡಬದ ಕಡೆ ಹಳ್ಳಿಗಳಿಗೆ ಹೋದರೆ ಅಂಗಡಿಯಲ್ಲಿ ಕೂತು ಬಳೆ ತೊಡಿಸುವವಳು ಇವಳು. ಗಾಜಿನ ಬಳೆ ತೊಡಿಸುವುದು ಸುಲಭದ ಕೆಲಸವಲ್ಲ. ಕೈ ಹಿಡಿದು, ಹೆಬ್ಬೆರಳಿನ ಬುಡವನ್ನು ಮೆತ್ತಗೆ ಒತ್ತಿ, ಗೆಣ್ಣುಗಳನ್ನು ಒಂದರೊಳಗೊಂದು ಮಡಿಸಿದಂತೆ ಮಾಡಿ ದಾಟಿಸಬೇಕು. ಜೈನಾಬಿ ತೊಡಿಸಿದರೆ ಬಳೆ ಒಡೆಯುವುದಿಲ್ಲ ಎಂದು ಮದುವೆ ಮನೆಯವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ನನಗಿಂತ ಐದಾರು ವರ್ಷ ಚಿಕ್ಕವಳು, ಅಕ್ಕ ಎನ್ನುತ್ತಿದ್ದಳು.

ಮೂವತ್ತು ತುಂಬುವ ಮೊದಲೇ ಅವಳಿಗೆ ಕೀಲುವಾತ ಬಂತು. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲಾಗದು, ಮಣಿಕಟ್ಟು ಊದಿಕೊಂಡಿರುವುದು. ನಾನೇ ಅವಳನ್ನು ನಮ್ಮ ಡಾಕ್ಟರ ಬಳಿಗೆ ಕರೆತಂದೆ. ಮಾಮೂಲಿ ಮಾತ್ರೆಗಳಿಂದ ಗುಣ ಕಾಣದಾಗ ಅವರು ಬೆಂಗಳೂರಿನಿಂದ ಒಂದು ಇಂಜೆಕ್ಷನ್ ತರಿಸಿದರು — ಚಿನ್ನದ ಅಂಶ ಸೇರಿದ ಔಷಧಿ. ವಾರಕ್ಕೊಂದು, ಪ್ರತಿ ಸೋಮವಾರ.

“ಇದು ನಿಧಾನ ಕಣಮ್ಮ. ಮೂರ್ನಾಕು ತಿಂಗಳು ಏನೂ ಗೊತ್ತಾಗಲ್ಲ. ಬೇಜಾರಾಗ್ಬೇಡ,” ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, “ಮೈಮೇಲೆ ಗಂಧೆ ಎದ್ರೂ ಬಾಯಿ ಹುಣ್ಣಾದ್ರೂ ತಕ್ಷಣ ನಂಗೆ ಹೇಳ್ಬೇಕು ಸಿಸ್ಟರ್.”

ಆ ಮೂರು ನಾಲ್ಕು ತಿಂಗಳು — ಅದನ್ನು ಹೇಗೆ ಕಾಯುವುದು? ಸೋಮವಾರ ಬಂದಾಗಲೆಲ್ಲ ಅವಳು ತುಟಿ ಕಚ್ಚಿಕೊಂಡು ಕೂರುತ್ತಿದ್ದಳು. ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ನನಗೆ ನೋಡಲಾಗಲಿಲ್ಲ. ಕುಣಿಗಲ್ಲಿನಲ್ಲಿ ಚೀನಾ ಪದ್ಧತಿಯಲ್ಲಿ ಸೂಜಿ ಚುಚ್ಚಿ ನೋವು ಇಳಿಸುವವರೊಬ್ಬರು ಇದ್ದಾರೆ ಎಂದು ಒಬ್ಬ ಮೇಷ್ಟ್ರು ಹೇಳಿದ್ದರು; ಅವರ ಮಂಡಿ ನೋವು ಕಡಿಮೆಯಾಗಿತ್ತಂತೆ. ನಾನೇ ಜೈನಾಬಿಗೆ ಹೇಳಿದೆ, ನಾನೇ ಭಾನುವಾರ ಬಸ್ಸು ಹತ್ತಿಸಿಕೊಂಡು ಹೋದೆ.

ಆ ವೈದ್ಯರು ಅರವತ್ತರ ಮೇಲಿನವರು. ಕಲ್ಕತ್ತದ ಯಾವುದೋ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು, ಅಲ್ಲಿದ್ದ ಒಬ್ಬ ಚೀನೀ ಮುದುಕನ ಬಳಿ ಕಲಿತು ಬಂದವರು. ಕೂದಲೆಳೆಯಂಥ ಸೂಜಿಗಳನ್ನು ಕುದಿಯುವ ನೀರಿನಿಂದ ತೆಗೆದು ಮುಂಗೈ, ಮೊಣಕೈ, ಪಾದ — ಎಲ್ಲೆಲ್ಲೋ ಚುಚ್ಚಿದರು. ಒಣಸೊಪ್ಪು ಸುತ್ತಿದ ಬತ್ತಿಯನ್ನು ಹಚ್ಚಿ ಊದಿದ ಕೀಲಿನ ಹತ್ತಿರ ಹಿಡಿದು ಕಾವು ಕೊಟ್ಟರು. ಮೊದಲ ಸಲ ಭಯದಿಂದ ಕಣ್ಣು ಮುಚ್ಚಿಕೊಂಡಿದ್ದ ಜೈನಾಬಿ ಮಾರನೆಯ ದಿನ ದವಾಖಾನೆಗೆ ಬಂದಾಗ ನನ್ನ ಕಿವಿಯಲ್ಲಿ ಹೇಳಿದಳು, “ಅಕ್ಕ, ನಿದ್ದೆ ಬಂತು ಕಣಕ್ಕ. ಎಷ್ಟು ದಿನ ಆಗಿತ್ತು.”

ಸೂಜಿ ಸುಳ್ಳಾಗಿರಲಿಲ್ಲ — ಅದನ್ನು ಇವತ್ತೂ ಹೇಳುತ್ತೇನೆ. ಅವಳ ಮುಖ ನೋಡಿದವಳು ನಾನು.

ಮೂರನೆಯ ಭಾನುವಾರ ವೈದ್ಯರು ತಗಡಿನ ಡಬ್ಬಿಯೊಂದನ್ನು ತೆಗೆದರು. ಮೇಲೆ ಚೀನೀ ಅಕ್ಷರ, ಒಳಗೆ ಮೆಣಸಿನ ಕಾಳಿನಷ್ಟು ದಪ್ಪದ ಕರಿ ಗುಳಿಗೆ. ಕಲ್ಕತ್ತದಿಂದ ತರಿಸಿದ್ದು ಎಂದರು. ಕೊಡುವ ಮುಂಚೆ ನನ್ನನ್ನೇ ನೋಡಿ ಕೇಳಿದರು, “ಇಂಗ್ಲಿಷ್ ಔಷಧಿನೂ ನಡೀತಿದೆ ಅಂದ್ರಲ್ಲ. ನಿಮ್ಮ ಡಾಕ್ಟ್ರಿಗೆ ಇದನ್ನ ಹೇಳಿದೀರಾ?”

“ಹೇಳಿದೀನಿ. ತಗೊಳ್ಳಲಿ ಅಂದ್ರು,” ಎಂದೆ.

ಅದೇ ಮೊದಲನೆಯದು. ಮೇಲೆ ಎರಡು ಸುಳ್ಳು ಎಂದು ಬರೆದೆ, ಮೂರು. ಬರೆಯುತ್ತಾ ಹೋದಂತೆ ಇನ್ನೆಷ್ಟು ಹೊರಬರುವುದೋ.

ನಾಲ್ಕನೆಯ ತಿಂಗಳಿಗೆ ಜೈನಾಬಿಯ ಬೆರಳು ಬಿಡಿಸಿಕೊಂಡವು. ಊತ ಇಳಿಯಿತು. ಒಂದು ಮದುವೆ ಮನೆಗೆ ಹೋಗಿ ಹೆಣ್ಣಿಗೆ ಬಳೆ ತೊಡಿಸಿ ಬಂದಳು. ಡಾಕ್ಟರು ಅವಳ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, “ಹಿಡೀತು ನೋಡಿ ಸಿಸ್ಟರ್, ಇಂಜೆಕ್ಷನ್ ಹಿಡೀತು,” ಎಂದು ಮಗುವಿನ ಹಾಗೆ ನಕ್ಕರು. ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಅಂದುಕೊಂಡೆ — ಇಲ್ಲ, ಹಿಡಿದದ್ದು ನಾನು ಹುಡುಕಿದ್ದು. ಎಂಥ ಅಹಂಕಾರ! ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಒಳಗೊಳಗಿನ ಹಿಗ್ಗು. ಭಯವೊಂದೇ ನನ್ನ ಬಾಯಿ ಕಟ್ಟಿತು ಎಂದರೆ ಅದೂ ಪೂರ್ತಿ ನಿಜವಲ್ಲ.

ಆಮೇಲೆ ಒಂದು ಸೋಮವಾರ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಂದಳು. ನಾಲಗೆ, ತುಟಿ, ಎಲ್ಲ ಹುಣ್ಣು. ಕೈಕಾಲಿನ ಮೇಲೆ ಕೆಂಪು ಗಂಧೆ. ನೀರು ಕುಡಿದರೂ ಉರಿ. ಡಾಕ್ಟರು ಒಳಗಿದ್ದರು. ಇಂಜೆಕ್ಷನ್ ಕೋಣೆಯ ಬೆಂಚಿನ ಮೇಲೆ ಕೂತ ಅವಳು ನನ್ನ ಕೈ ಹಿಡಿದು, ಒಂದೊಂದೇ ಮಾತು ತಡೆದು ತಡೆದು ಹೇಳಿದಳು.

“ಆ ಕರಿ ಗುಳಿಗೆ ವಿಷ್ಯ... ಡಾಕ್ಟ್ರಿಗೆ ಹೇಳ್ಬುಡಿ ಅಕ್ಕ. ನಂಗೆ ಮಾತಾಡಕ್ಕಾಗ್ತಿಲ್ಲ.”

ನಾನು ತಲೆಯಾಡಿಸಿ ಒಳಗೆ ಹೋದೆ. ಡಾಕ್ಟರು ಬಂದು ಅವಳನ್ನು ಪರೀಕ್ಷಿಸಿದರು, ಮುಖ ಸಪ್ಪಗಾಯಿತು. ತಮ್ಮ ಕೋಣೆಗೆ ವಾಪಸ್ಸು ಹೋಗಿ ನನ್ನನ್ನು ಕರೆದರು.

“ಸಿಸ್ಟರ್, ನಿಮ್ಮ ಊರಿನವಳು, ನಿಮಗೆ ಗೊತ್ತಿರುತ್ತೆ. ಬೇರೆ ಏನಾದ್ರೂ ಔಷಧಿ ತಗೋತಿದಾಳಾ? ನಾಟಿ, ಯುನಾನಿ, ಏನಾದ್ರೂ ಸರಿ. ಇದ್ರೆ ಮೊದಲು ಅದನ್ನ ನಿಲ್ಸಿ ನೋಡ್ತೀನಿ. ಏನೂ ಇಲ್ಲ ಅಂದ್ರೆ ಇದು ಇಂಜೆಕ್ಷನ್‌ದೇ. ಮತ್ತೆ ಯಾವತ್ತೂ ಕೊಡೋ ಹಾಗಿಲ್ಲ.”

ಇಷ್ಟು ಸ್ಪಷ್ಟವಾಗಿ ಕೇಳಿದರು. ನನಗೆ ಅರ್ಥವಾಗಲಿಲ್ಲ ಎನ್ನುವ ಹಾಗೂ ಇಲ್ಲ.

“ಇಲ್ಲ ಸಾರ್. ಏನೂ ಇಲ್ಲ.”

ಅವರು ಒಂದು ಕ್ಷಣ ಕಾದರು. ಇವತ್ತು ಅನ್ನಿಸುತ್ತದೆ — ಆ ಒಂದು ಕ್ಷಣದಲ್ಲಿ ನಾನು... ಇಲ್ಲ, ಬೇಡ. ಹೇಳಲಿಲ್ಲ ಅಷ್ಟೇ.

ಹೊರಗೆ ಬಂದಾಗ ಜೈನಾಬಿ ತಲೆ ಎತ್ತಿದಳು. “ಹೇಳಿದ್ರಾ?”

“ಹೇಳಿದೆ. ಅದರಿಂದ ಅಲ್ವಂತೆ, ಇಂಜೆಕ್ಷನ್‌ನಿಂದಾನೇ ಅಂತೆ. ಇನ್ನು ಕೊಡಲ್ವಂತೆ. ಗುಳಿಗೆನೂ ನಿಲ್ಸಿಬಿಡು.”

ಎರಡೂ ಒಟ್ಟಿಗೆ ನಿಂತವು. ಹುಣ್ಣು ಮಾಯಿತು, ಗಂಧೆ ಹೋಯಿತು. ಯಾವುದರಿಂದ ಬಂದಿತ್ತು? ಗುಳಿಗೆಯಿಂದಲೋ, ಇಂಜೆಕ್ಷನ್ನಿನಿಂದಲೋ, ಎರಡೂ ಸೇರಿಯೋ? ಗುಣ ಕೊಟ್ಟದ್ದಾದರೂ ಯಾವುದು? ತಿಳಿಯಲು ಒಂದೇ ಒಂದು ದಾರಿ ಇತ್ತು. ಅದನ್ನು ನಾನು ಮುಚ್ಚಿದೆ. ಒಂದು ವೇಳೆ ಡಾಕ್ಟರಿಗೆ ಹೇಳಿದ್ದರೂ ಆ ಇಂಜೆಕ್ಷನ್ ಅವಳಿಗೆ ಒಗ್ಗುತ್ತಿರಲಿಲ್ಲವೇನೋ. ಈ ‘ಏನೋ’ ಎಂಬುದನ್ನು ಹಿಡಿದುಕೊಂಡು ನಾನು ಎಷ್ಟೋ ಸಲ ಪಾರಾಗಲು ನೋಡಿದ್ದೇನೆ. ಪಾರಾಗಲು ಆಗುವುದಿಲ್ಲ.

ನೋವು ಮತ್ತೆ ಬಂತು. ಸೂಜಿಯಿಂದ ಒಂದೆರಡು ದಿನ ನೆಮ್ಮದಿ. ಊತ ಮಾತ್ರ ನಿಲ್ಲಲಿಲ್ಲ. ಕುಣಿಗಲ್ಲಿನ ವೈದ್ಯರೂ ಆರೋಗ್ಯ ಕೆಟ್ಟು ಸೂಜಿ ಬಿಟ್ಟರು. ಎರಡು ವರ್ಷದಲ್ಲಿ ಜೈನಾಬಿಯ ಬೆರಳುಗಳು ಒಂದೇ ಕಡೆಗೆ ವಾಲಿಕೊಂಡು ಸೊಟ್ಟಗಾದವು. ಗಿರಾಕಿ ಬಂದರೆ ಬಣ್ಣ ಆರಿಸಿಕೊಡುವುದಷ್ಟೇ ಅವಳ ಕೆಲಸ; ತೊಡಿಸುವುದಕ್ಕೆ ಮಗಳು ಶಮೀಮ್ ಬಂದಳು. ಇದನ್ನೆಲ್ಲ ನಾನು ಬೇರೆಯವರ ಬಾಯಿಂದ ಕೇಳಿದೆ. ಗುಬ್ಬಿಗೆ ಹೋದರೆ ಆ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ. ಅವಳೂ ದವಾಖಾನೆಗೆ ಮತ್ತೆ ಬರಲಿಲ್ಲ.

ಎಂಬತ್ತರ ದಶಕದ ನಡುವೆ ಡಾಕ್ಟರಿಗೆ ಕಣ್ಣು ಮಂಜಾಯಿತು, ದವಾಖಾನೆ ಮುಚ್ಚಿದರು. ಕಪಾಟು ಖಾಲಿ ಮಾಡುತ್ತಿದ್ದಾಗ, ನಾನು ಕೇಳದೆಯೇ ಅವರಾಗಿ ಹೇಳಿದರು.

“ಆ ಬಳೆ ಅಂಗಡಿ ಹೆಣ್ಮಗಳು ನೆನಪಿದಾಳಾ ಸಿಸ್ಟರ್? ನನ್ನ ಇಂಜೆಕ್ಷನ್ ಅವಳಿಗೆ ಕೆಟ್ಟದ್ದು ಮಾಡ್ತು. ಆಮೇಲೆ ಅದನ್ನ ಯಾರಿಗೂ ಕೊಡೋಕೆ ನಂಗೆ ಧೈರ್ಯ ಬರ್ಲಿಲ್ಲ. ಇಬ್ಬರೋ ಮೂವರೋ ಬಂದಿದ್ರು... ವಾಪಸ್ ಕಳಿಸ್ದೆ.”

ಇಬ್ಬರೋ ಮೂವರೋ. ಅವರ ಹೆಸರೂ ನನಗೆ ಗೊತ್ತಿಲ್ಲ. ಕಪಾಟಿನ ಬಾಗಿಲು ಹಿಡಿದುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ — ಕುಣಿಗಲ್ಲು, ಸೂಜಿ, ಗುಳಿಗೆ, ನನ್ನ ‘ಇಲ್ಲ’. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿಯ ಮೇಲೆ ಕೂತರು.

“ಆ ಸೂಜಿ ವಿಷ್ಯ ಹೇಳಿದ್ರೆ ನಾನು ಬೇಡ ಅಂತಿರ್ಲಿಲ್ಲ,” ಎಂದರು. “ಅವಳಿಗೆ ಗೊತ್ತಾ?”

“ಇಲ್ಲ ಸಾರ್.”

“ಹಾಗಾದ್ರೆ ಇನ್ನೂ ಯಾಕೆ ಇಲ್ಲಿ ನಿಂತಿದೀರಿ?”

ಮಾರನೆಯ ಮಧ್ಯಾಹ್ನ ಗುಬ್ಬಿಗೆ ಹೋದೆ. ನನ್ನನ್ನು ಕಂಡು ಜೈನಾಬಿಗೆ ಸಂತೋಷವೇ ಆಯಿತು. ಮಗಳಿಗೆ ಟೀ ಇಡಲು ಹೇಳಿದಳು. ಅಂಗಡಿಯ ಒಳಕೋಣೆಯಲ್ಲಿ ಕೂತು, ಅವಳ ಕೈ ನೋಡಲಾಗದೆ ಗೋಡೆ ನೋಡುತ್ತಾ ಹೇಳಿದೆ.

“ಅಂದ್ರೆ ಡಾಕ್ಟ್ರಿಗೆ ಗೊತ್ತೇ ಇರ್ಲಿಲ್ವಾ?”

“ಇಲ್ಲ.”

“ಎಲ್ಲಾ ಗೊತ್ತಿದ್ದೂ ನನ್ನ ಕೈ ಬುಟ್ರು ಅಂದ್ಕಂಡಿದ್ದೆ. ಕದ್ದು ಗುಳಿಗೆ ತಿಂದ್ಳು ಅಂತ ಸಿಟ್ಟಿಗೆ ಬುಟ್ರು ಅಂತ. ಇಷ್ಟು ವರ್ಷ ಆ ಮನುಷ್ಯಂಗೆ ಶಾಪ ಹಾಕಿದೀನಲ್ಲ ಅಕ್ಕ.” ಆಮೇಲೆ ಕೇಳಿದಳು, “ಯಾಕಕ್ಕ ಹೇಳ್ಲಿಲ್ಲ?”

“ಕೆಲಸ ಹೋಗುತ್ತೆ ಅಂತ,” ಎಂದೆ. ಅಷ್ಟು ವರ್ಷ ನನ್ನೊಳಗೆ ಬೆಟ್ಟದಷ್ಟಿದ್ದ ಕಾರಣ, ಬಾಯಿಂದ ಹೊರಬಿದ್ದಾಗ ಎಷ್ಟು ಚಿಕ್ಕದಾಗಿತ್ತು!

ಶಮೀಮ್ ಟೀ ತಂದಿಟ್ಟು ಹೋದಳು. “ಜೈನಾ, ನನ್ನನ್ನ—” ಎಂದು ನಾನು ಶುರು ಮಾಡಿದೆ. ಅವಳು ತಡೆದಳು.

“ಬೇಡ ಅಕ್ಕ. ಕ್ಷಮಿಸು ಅಂತ ಕೇಳ್ಬೇಡಿ. ಕೇಳಿದ್ರೆ ‘ಹೋಗ್ಲಿ ಬುಡಿ’ ಅಂದ್ಬುಡ್ತೀನಿ. ಎಲ್ಲಾರ್ಗೂ ಹಂಗೇ ಅಂದು ಅಂದು ಅಭ್ಯಾಸ ಆಗ್ಬುಟ್ಟಿದೆ ನಂಗೆ. ಇದಕ್ಕೆ ಹಂಗನ್ನಕ್ಕೆ ನಂಗೆ ಇಷ್ಟ ಇಲ್ಲ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಟೀ ಆರುತ್ತೆ ಕುಡೀರಿ ಎಂದಳು. ಕುಡಿದೆ.

ಆಮೇಲೂ ನಾನು ಗುಬ್ಬಿಗೆ ಹೋಗುತ್ತಿದ್ದೇನೆ, ಅದೇ ಬೀದಿಯಲ್ಲಿ. ಅವಳು ಮಗಳ ಮದುವೆಯ ವಿಷಯ ಮಾತಾಡುತ್ತಾಳೆ, ನನ್ನ ತಾಯಿಯನ್ನು ವಿಚಾರಿಸುತ್ತಾಳೆ. ಪ್ರತಿ ಸಲವೂ ಎದ್ದು ಹೊರಡುವಾಗ ಆ ಮಾತು ನನ್ನ ನಾಲಗೆಯ ತುದಿಗೆ ಬರುತ್ತದೆ — ಕೇಳಿದರೆ ಅವಳು ಏನೆನ್ನುತ್ತಾಳೆ ಎಂದೂ ನನಗೆ ಗೊತ್ತು, ಒಂದೇ ಗಳಿಗೆಯಲ್ಲಿ ಹಗುರವಾಗಿಬಿಡುತ್ತೇನೆ ಎಂದೂ ಗೊತ್ತು. ಇಂದಿನವರೆಗೆ ಕೇಳಿಲ್ಲ. ಕೇಳುವುದಿಲ್ಲ.