ನೈರೋಬಿಯಿಂದ ಆರು ತಾಸು

ತಾಳಗಳ ಸದ್ದು — ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಬೆಳಗಿನಿಂದ ಭಜನೆ ನಡೆದಿತ್ತು — ಆ ಸದ್ದಿನ ನಡುವೆಯೇ ನಾನು ಕಾಕಾಗೆ ಸುಳ್ಳು ಹೇಳಿದೆ. ಎಪ್ಪತ್ತು ದಾಟಿದವಳು, ಕಾನ್ವೆಂಟಿನಲ್ಲಿ ಓದಿದವಳು, ಗೊತ್ತಿದ್ದೂ ಹೇಳಿದೆ.

ನಸುಕಿನಲ್ಲಿ ವೈನಿ, ತೀರಿಹೋದ ನನ್ನ ಅಣ್ಣನ ಹೆಂಡತಿ, ಕಣ್ಣು ಮುಚ್ಚಿದ್ದಳು. ಅವಳ ಒಬ್ಬಳೇ ಮಗಳು ರೇಖಾ ನೈರೋಬಿಯಲ್ಲಿ ಗಣಿತ ಕಲಿಸುತ್ತಾಳೆ. ವೈನಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಆಗಿತ್ತು. ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವ ರೂಢಿ ನಮ್ಮ ಮನೆತನದಲ್ಲಿಲ್ಲ. ಮಣ್ಣಾಗುವವರೆಗೆ ಮನೆಯವರು ಉಣ್ಣುವುದೂ ಇಲ್ಲ. ಕಾಯಬೇಕೋ ಬೇಡವೋ ಎಂಬ ತೀರ್ಮಾನ ಅಪ್ಪನ ತಮ್ಮ, ನಮ್ಮ ಕಾಕಾ ಅವರದು.

"ಎಷ್ಟ ತಾಸಿನ ಹಾದಿ ಐತಿ ನೋಡವಾ. ನಿನಗ ಇಂಗ್ಲಿಷ್ ಬರ್ತೈತಿ."

"ಮುಂಬೈತನಾ ನಾಕೂವರೆ ಸಾವಿರ ಕಿಲೋಮೀಟರ್ ರೀ ಕಾಕಾ. ಆರ ತಾಸು. ಅಲ್ಲಿಂದ ಬೆಳಗಾವಿ ಒಂದ ತಾಸು."

"ಇಷ್ಟನ? ನಾವು ಬಸ್ಸಿನಾಗ ರಾಮದುರ್ಗಕ್ಕ ಹೋಗಿ ಬರೂದ್ರಾಗ ಬಂದ ಬಿಡ್ತಾಳ! ಕಾಯೋಣು."

ಅಂಕಿಗಳೆಲ್ಲ ಕರೆಕ್ಟ್. ಆದರೆ ರೇಖಾಗೆ ಸಿಕ್ಕಿದ್ದು ಡೈರೆಕ್ಟ್ ಫ್ಲೈಟ್ ಅಲ್ಲ — ಅಡಿಸ್ ಅಬಾಬಾದಲ್ಲಿ ಇಳಿದು ಕಾಯಬೇಕು, ಮುಂಬೈಯಲ್ಲಿ ಮತ್ತೆ ಕಾಯಬೇಕು. ಮನೆ ಮುಟ್ಟುವುದು ಮರುದಿನ ಹತ್ತಕ್ಕೆ. ಅದೂ ನನ್ನ ಫೋನಿನಲ್ಲೇ ಇತ್ತು. ಹೇಳಿದ್ದರೆ ಮಧ್ಯಾಹ್ನವೇ ಎಲ್ಲ ಮುಗಿಯುತ್ತಿತ್ತು. ಕೈ ಮುಗಿದು ಕೇಳಿದ್ದರೆ ಕಾಕಾ ಕಾಯುತ್ತಿದ್ದರೇನೋ — ಕೇಳಲಿಲ್ಲ. ಬೇಡುವುದು ನನಗೆ ಬರುವುದಿಲ್ಲ. ಮುಚ್ಚಿಟ್ಟ ಅರ್ಧವೂ ಸುಳ್ಳೇ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ನೆನಪಿತ್ತು, ಆದರೂ —

ನಾಲ್ಕಕ್ಕೆ "ವಿಮಾನ ಲೇಟ್ ಐತಂತ್ರಿ" ಎಂದೆ. ಐದಕ್ಕೂ ಅದನ್ನೇ ಎಂದೆ. ಹೊತ್ತು ಮುಳುಗಿತು, ಇನ್ನು ಬೆಳಗಿನವರೆಗೆ ಕಾಯದೆ ಗತಿಯಿರಲಿಲ್ಲ. ಕಾಕಾಗೆ ಎಂಬತ್ತೆರಡು, ಸಕ್ಕರೆ ಕಾಯಿಲೆ ಬೇರೆ. "ಎಲ್ಲಾರೂ ಉಪಾಸ ಇದ್ದಾಗ ನಾ ಹ್ಯಾಂಗ ಉಣ್ಲಿ?" ಎಂದು ಚಹಾ ಕೂಡ ಮುಟ್ಟಲಿಲ್ಲ. ಬೆಳಗ್ಗೆ ಹಿತ್ತಲಿನಲ್ಲಿ ತಲೆಸುತ್ತಿ ಬಿದ್ದರು. ಹಣೆಗೆ ಮೂರು ಹೊಲಿಗೆ. ಅವರು ಬಿದ್ದದ್ದು ನನ್ನಿಂದ.

ಹತ್ತಕ್ಕೆ ರೇಖಾ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ ತಾಯಿಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಅತ್ತಿ, ನನ್ನ ಸಲುವಾಗಿ ಕಾದ್ರಿ ನೀವು," ಎಂದಳು. ಆ ಗಳಿಗೆಯನ್ನು ಅವಳಿಗೆ ದೊರಕಿಸಿಕೊಟ್ಟವಳು ನಾನು — ಐ ಆಮ್ ಪ್ರೌಡ್ ಆಫ್ ಇಟ್, ಇವತ್ತಿಗೂ. ತಲೆ ತಗ್ಗಿಸಿ ಹೇಳಬೇಕಾದ ಮಾತನ್ನು ತಲೆ ಎತ್ತಿಯೇ ಹೇಳುತ್ತಿದ್ದೇನೆ, ಏನು ಮಾಡಲಿ. ಆದರೆ ಇದನ್ನು ಕೇಳಬೇಕಿದ್ದವರು ಕಾಕಾ. ಎರಡು ವರ್ಷ ಇದ್ದರು. ಎದುರು ಕೂತು ಹೇಳುವ ಧೈರ್ಯ...

ಅವರನ್ನು ಕೊನೆಯ ಸಲ ಕಂಡದ್ದು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ. ದೊಡವಾಡದ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿದ್ದವನೊಬ್ಬ ವಿಮಾನದಲ್ಲಿ ಕಾಶಿಗೆ ಹೊರಟಿದ್ದನಂತೆ, ಕಾಕಾ ಅವನಿಗೆ ನನ್ನನ್ನು ತೋರಿಸಿ ಹೇಳಿದರು, "ವಿಮಾನದವ್ರ ಮಾತ ನಂಬಬ್ಯಾಡೋ ತಮ್ಮಾ. ಅವತ್ತ ನಮ್ಮ ಹುಡುಗಿ ಖರೇನ ಹೇಳಿದ್ಲು, ಸುಳ್ಳ ಮಾಡಿದ್ದು ವಿಮಾನ."

ಬಸ್ಸು ಬಂತು. ಅವರ ಚೀಲ ಎತ್ತಿ ಸೀಟಿನ ಮೇಲಿಟ್ಟೆ. ಕಿಟಕಿಯಿಂದ ಕೈ ಮಾಡಿದರು; ನಾನೂ ಮಾಡಿದೆ.