ಅಕ್ಕನ ಬೆನ್ನ ಮೇಲಿಟ್ಟ ಕಾಲು

ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಫಿಸಿಯೋಥೆರಪಿ ರೂಮಿದೆ. ಅಲ್ಲಿನ ಫ್ಯಾನು ಹಳೆಯದು. ಸುತ್ತಿಗೊಮ್ಮೆ ಟಕ್ ಅನ್ನುತ್ತದೆ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಚೈತ್ರ, ಆರು ತಿಂಗಳಿಂದ ನಡುನೋವು ಅನ್ನುತ್ತಿದ್ದವಳು, ಅಲ್ಲಿ ನೀಲಿ ರಬ್ಬರ್ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಮೆಲ್ಲಗೆ ಮೇಲೆತ್ತಿ ಹಿಡಿದಿದ್ದಳು. 'ಹತ್ತು ಎಣಿಸಿ ಇಳಿಸಮ್ಮ' ಎಂದು ಹೇಳಿ ಡಾಕ್ಟರಮ್ಮ ಆಚೆ ಹೋದರು. ಮಗಳು ಬಾಯಲ್ಲಿ ಎಣಿಸಲಿಲ್ಲ, ಫ್ಯಾನಿನ ಟಕ್ ಟಕ್ ಅನ್ನೇ ಲೆಕ್ಕಕ್ಕೆ ಹಿಡಿದಳು. ಬೆಂಚಿನ ಮೇಲೆ ಮಾರುವ ಸೀರೆಗಳ ಗಂಟು ಇಟ್ಟುಕೊಂಡು ಕೂತಿದ್ದ ನಾನು ಅವಳನ್ನೇ ನೋಡಿದೆ. ನನ್ನ ಅಕ್ಕ ಸುಶೀಲಳೂ ಹೀಗೇ ಸೊಂಟ ಎತ್ತಿ ಹಿಡಿದು, ಹೀಗೇ ಟಕ್ ಟಕ್ ಎಣಿಸುತ್ತಿದ್ದಳು. ಅವಳಿಗೆ ಆ ಸದ್ದು ಕೊಡುತ್ತಿದ್ದದ್ದು ನಮ್ಮ ಮನೆಯ ಮಗ್ಗ.

ಆ ಮನೆ ಈಗ ಇಲ್ಲ. ಮಗ್ಗಗಳು ಗುಜರಿಗೆ ಹೋದವು, ಗೋಡೆಗಳು ನೆಲಕ್ಕೆ ಹೋದವು. ಆ ಜಾಗದಲ್ಲಿ ಮೂರು ಅಂತಸ್ತಿನ ಮೊಬೈಲ್ ಅಂಗಡಿ ಎದ್ದಿದೆ. ಆದರೆ ಪವರ್‌ಲೂಮ್ ಇದ್ದ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಅಂಥ ಮನೆ ಮೊದಲು ನೆನಪಾಗುವುದು ಅಂಗಾಲಿಗೆ. ನಡುಮನೆಯಲ್ಲಿ ಎರಡು ಮಗ್ಗ ಓಡುತ್ತಿದ್ದರೆ ನೆಲವೆಲ್ಲ ಸಣ್ಣಗೆ ನಡುಗುತ್ತಿತ್ತು, ಗೂಡಿನಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ಕಿಣಿಕಿಣಿ ಅನ್ನುತ್ತಿದ್ದವು. ಮೆಷಿನ್ ಎಣ್ಣೆ, ಬಿಸಿಯಾದ ನೂಲು, ಅಜ್ಜಿಯ ನಸ್ಯ, ಮೂರೂ ಬೆರೆತ ಒಂದು ವಾಸನೆ ನಮ್ಮ ತಲೆಗೂದಲಿನಲ್ಲೇ ಇರುತ್ತಿತ್ತು. ಅಪ್ಪ ಒಂದು ಮಗ್ಗದ ಮುಂದೆ, ಕೂಲಿ ಆಳು ಇನ್ನೊಂದರ ಮುಂದೆ, ಅಮ್ಮ ಮೂಲೆಯಲ್ಲಿ ರಾಟೆ ಹಿಡಿದು ಕಂಡಿಕೆಗೆ ನೂಲು ಸುತ್ತುತ್ತಾ. ಯಾರಿಗೆ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಅಷ್ಟು ಸದ್ದಿನ ಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದವಳು ಅಕ್ಕ ಒಬ್ಬಳೇ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿಟ್ಟು ತುಳಿದರೆ ಹಿಡಿದುಕೊಂಡ ನಡು ಬಿಡುತ್ತದೆ, ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಐದು ತುಂಬುವ ಮೊದಲೇ ಅಜ್ಜಿ ನನ್ನ ಎಡಗಾಲನ್ನು ಬೀದಿಗೆಲ್ಲ ಪ್ರಚಾರ ಮಾಡಿದ್ದಳು. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ನಡು ಹಿಡಿದುಕೊಂಡು ಬರುವರು. ಹೊಸ್ತಿಲ ಹತ್ತಿರ ಬೋರಲು ಮಲಗುವರು, ನಾನು ಮೂರು ಸಲ ತುಳಿಯಬೇಕು. ಪುಕ್ಕಟೆ ತುಳಿದರೆ ಗುಣ ನಿಲ್ಲುವುದಿಲ್ಲ ಎಂದು ಅಜ್ಜಿ ಸೇರಿಸಿಬಿಟ್ಟಿದ್ದಳು. ನಾನು ಮೊದಲು ಕಡಲೆಮಿಠಾಯಿ ಕೇಳುತ್ತಿದ್ದೆ, ಆಮೇಲೆ ರಿಬ್ಬನ್ನು. ಕೊಡದಿದ್ದರೆ ಎರಡು ಸಲ ತುಳಿದು ಮೂರನೆಯದಕ್ಕೆ ಕಾಲು ಎತ್ತಿ ನಿಲ್ಲುತ್ತಿದ್ದೆ. 'ಏನವ್ವಾ, ಈ ಕೂಸು ಮಾರವಾಡಿ ಅಂಗಡಿ ಇಡ್ತದೆ' ಎಂದು ಮಲಗಿದಲ್ಲಿಂದಲೇ ನಗುತ್ತಿದ್ದರು. ಅಂಗಡಿ ಇಡಲಿಲ್ಲ, ಸೀರೆ ಗಂಟು ಹೊತ್ತು ಮನೆಮನೆ ತಿರುಗಿ ಬದುಕು ಕಟ್ಟಿಕೊಂಡೆ. ಆದರೆ ನನ್ನ ಮೊದಲ ವ್ಯಾಪಾರ ನನ್ನ ಕಾಲಿನದೇ.

ಅಕ್ಕನಿಗೆ ನಡುನೋವು ಬಂದದ್ದು ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ನನಗೆ ಆಗ ಒಂಬತ್ತು ವರ್ಷ. ಸ್ಕೂಲಿನಲ್ಲಿ ಒಂದು ಪೀರಿಯಡ್ ಕೂರುವುದರೊಳಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳಿಗೆ ಹತ್ತನೇ ಕ್ಲಾಸು ಪಾಸು ಮಾಡಿ ಟೀಚರ್ ಆಗಬೇಕೆಂಬ ಆಸೆ. ಅಪ್ಪ ಒಂದೇ ಮಾತು ಹೇಳಿದರು: 'ಕೂರಕ್ಕಾಗ್ದಿದ್ರೆ ಸ್ಕೂಲ್ಯಾಕೆ, ಮನೇಲಿ ರಾಟೆ ಹಿಡೀಲಿ.' ರಾಟೆಗೂ ಕೂರಲೇಬೇಕು ಎಂಬುದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಸ್ಕೂಲಿನ ಮೇಷ್ಟ್ರು ಚೀಟಿ ಬರೆದುಕೊಟ್ಟ ಮೇಲೆ ಅಜ್ಜಿ ಅವಳನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಾಲದ ಹಾಗೆ ನಾನೂ ಹೋದೆ. ಅಲ್ಲಿ ಒಬ್ಬ ಎಳೆಯ ಪ್ರಾಯದ ಮೇಡಮ್ಮು ಅಕ್ಕನನ್ನು ಬಗ್ಗಿಸಿ, ತಿರುಗಿಸಿ ನೋಡಿ, ಮೂಳೆಗೆ ಏನೂ ಆಗಿಲ್ಲ ಎಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಕಡ್ಡಿಗೊಂಬೆಗಳ ಚಿತ್ರ ಬರೆದರು: ಒಂದು ಗೊಂಬೆ ಸೊಂಟ ಎತ್ತುತ್ತಿತ್ತು, ಒಂದು ಬೆಕ್ಕಿನ ಹಾಗೆ ಬೆನ್ನು ಉಬ್ಬಿಸುತ್ತಿತ್ತು, ಒಂದು ಮೊಣಕಾಲನ್ನು ಎದೆಗೆ ಎಳೆದುಕೊಂಡಿತ್ತು.

'ಮಲಗಿಸಿ ಇಡಬೇಡಿ. ಓಡಾಡಲಿ, ಆಡಲಿ. ಇದನ್ನ ಮೂರು ತಿಂಗಳು ಬಿಡದೆ ಮಾಡಿಸಿ' ಎಂದರು.

'ಮೂರು ತಿಂಗ್ಳಾ? ಸ್ವಲ್ಪ ಕಮ್ಮಿ ಮಾಡ್ಕೊಂಡು ಹೇಳಿ ತಾಯಿ. ಒಂದು ತಿಂಗ್ಳಿಗೆ ಮುಗಿಸ್ಕೊಡಿ' ಎಂದಳು ಅಜ್ಜಿ.

'ಇದು ಸೀರೆ ಅಲ್ಲ ಅಜ್ಜಿ' ಎಂದು ಆ ಮೇಡಮ್ಮು ನಕ್ಕುಬಿಟ್ಟರು. ಬಸ್ಸಿನಲ್ಲಿ ಬರುವಾಗ ಅಜ್ಜಿ ಗೊಣಗುತ್ತಲೇ ಇದ್ದಳು: 'ಒಂದು ಮಾತ್ರೆ ಇಲ್ಲ, ಸೂಜಿ ಇಲ್ಲ. ಬರೀ ಕಾಲೆತ್ತು ಕೈಯೆತ್ತು.'

ಅಕ್ಕ ಆ ಹಾಳೆಯನ್ನು ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದಳು. ಮನೆಯಲ್ಲಿ ಮಲಗುವಷ್ಟು ಖಾಲಿ ಜಾಗವಿದ್ದದ್ದು ಮಗ್ಗದ ಪಕ್ಕದ ಓಣಿಯಂಥ ಸಂದು ಮಾತ್ರ. ಬೆಳಿಗ್ಗೆ ಅಲ್ಲಿ ಈಚಲು ಚಾಪೆ ಹಾಸಿ, ಸೊಂಟ ಎತ್ತಿ, ಮಗ್ಗದ ಏಟು ಇಪ್ಪತ್ತಾಗುವ ತನಕ ಹಿಡಿಯುವಳು. ಕರೆಂಟು ಹೋದರೆ ಮಗ್ಗವೂ ನಿಲ್ಲುವುದು, ಅಕ್ಕನೂ ಎತ್ತಿದ ಸೊಂಟ ಇಳಿಸಿ ಸೂರು ನೋಡುತ್ತಾ ಕಾಯುವಳು. 'ನೀನೂ ಕರೆಂಟಿಂದಾನೇ ಓಡೋದಾ?' ಎಂದು ನಾನು ರೇಗಿಸುತ್ತಿದ್ದೆ. ಮೂರು ವಾರಕ್ಕೆ ಎರಡು ಪೀರಿಯಡ್ ಕೂರುವಂತಾದಳು. ಅಷ್ಟನ್ನೇ ಒಂದು ಸಾಧನೆಯ ಹಾಗೆ ನನ್ನ ಕಿವಿಯಲ್ಲಿ ಹೇಳಿದಳು. ಬೇರೆ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮನೆಯವರ ಕಣ್ಣಿಗೆ ಬಿದ್ದದ್ದು ಬೇರೆ. ಚಾಪೆ ದಾಟಿ ಹೋಗಬೇಕೆಂದು ಅಮ್ಮನಿಗೆ ಕಿರಿಕಿರಿ. ಮೈ ನೆರೆದ ಹುಡುಗಿ ಮಗ್ಗದ ಆಳಿನ ಎದುರು ಕಾಲೆತ್ತಿಕೊಂಡು ಮಲಗುತ್ತಾಳೆಂದು ಅಜ್ಜಿಗೆ ನಾಚಿಕೆ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು. ಬೀದಿಯವರ ನಡುವನ್ನೆಲ್ಲ ಬಿಡಿಸುವ ಕಾಲು ಮನೆಯಲ್ಲೇ ಇರುವಾಗ ಇವರು ಬೆಂಗಳೂರಿಗೆ ಯಾಕೆ ಹೋದರು ಎಂದು ಜನ ಆಡಿಕೊಳ್ಳಲು ಶುರುಮಾಡಿದ್ದರು.

ಒಂದು ಭಾನುವಾರ ಅಜ್ಜಿ ಅಕ್ಕನನ್ನು ಹೊಸ್ತಿಲ ಹತ್ತಿರ ಮಲಗಿಸಿಯೇಬಿಟ್ಟಳು. ಅಕ್ಕಪಕ್ಕದ ಹೆಂಗಸರು ನಾಲ್ಕು ಜನ ನೋಡಲು ನಿಂತರು. ನಾನು ಕೊಬ್ಬರಿ ಮಿಠಾಯಿಗೆ ಒಪ್ಪಿಕೊಂಡು ಎಡಗಾಲಿಟ್ಟೆ. ಅವಳ ಬೆನ್ನು ಎಷ್ಟು ಸಣ್ಣದಿತ್ತೆಂದರೆ ನನ್ನ ಪುಟ್ಟ ಅಂಗಾಲಿಗೂ ಮೂಳೆ ತಗಲಿತು. ಮೂರನೆಯ ಸಲಕ್ಕೆ ಅವಳ ಬಾಯಿಂದ ಹ್ಞಾ ಎಂಬ ಸಣ್ಣ ಸದ್ದು ಬಂತು. 'ನೋವು ಹೋಯ್ತೇನೇ?' ಎಂದಳು ಅಜ್ಜಿ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನನ್ನ ಮುಖ ನೋಡಿದಳು.

'ಹೋಯ್ತು ಕಣೇ' ಎಂದಳು.

ಹೆಂಗಸರು ಸಂತೋಷಪಟ್ಟು ಹೊರಟರು. ಅಜ್ಜಿ ಅವರ ಹಿಂದೆಯೇ ಬೀದಿಗಿಳಿದಳು. ಆಗ ಅಕ್ಕ ಬಾಗಿಲುವಾಡವನ್ನು ಎರಡು ಕೈಯಲ್ಲಿ ಹಿಡಿದು, ತುಟಿ ಕಚ್ಚಿ, ಮುದುಕಿಯ ಹಾಗೆ ಎದ್ದಳು. ಅದನ್ನು ನೋಡಿದವಳು ನಾನೊಬ್ಬಳೇ. ನೋಡಿ, ಕೈಯಲ್ಲಿದ್ದ ಮಿಠಾಯಿ ತಿಂದೆ. ಬಾಯಿ ಬಿಟ್ಟಿದ್ದರೆ ನನ್ನ ಕಾಲಿನ ಬೆಲೆ ಬಿದ್ದುಹೋಗುತ್ತಿತ್ತು.

ಅವತ್ತೇ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು. ವಾಸಿಯಾದವಳಿಗೆ ಕಸರತ್ತು ಯಾಕೆ? ಚಾಪೆ ಬೇಕೆಂದು ಅಕ್ಕ ಕೇಳಲಿಲ್ಲ; ಕೇಳಿದರೆ ಹೇಳಿದ ಮಾತು ಸುಳ್ಳಾಗುತ್ತಿತ್ತು. ಹಾಳೆ ಇನ್ನೂ ಕೆಲವು ದಿನ ಗೋಡೆಯ ಮೇಲೆ ನಡುಗುತ್ತಾ ಇತ್ತು, ಆಮೇಲೆ ಯಾವತ್ತು ಬಿತ್ತೋ ಗೊತ್ತಿಲ್ಲ. ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಅಕ್ಕ ಅರ್ಧಕ್ಕೇ ಎದ್ದು ಬಂದಳು. ಅಪ್ಪ ಬೈಯಲಿಲ್ಲ. ಅಮ್ಮನ ಪಕ್ಕದಲ್ಲಿ ಇನ್ನೊಂದು ರಾಟೆ ಇಟ್ಟರು, ಅಷ್ಟೇ. ತೂಬಗೆರೆಗೆ ಮದುವೆಯಾಗಿ ಹೋಗುವ ತನಕ ಅವಳು ಆ ಮೂಲೆಯಲ್ಲಿ ಕೂತು, ಮಂಡಿ ಬದಲಿಸುತ್ತಾ, ನಡುವಿಗೆ ಹಳೇ ಸೀರೆ ಬಿಗಿದುಕೊಂಡು ನೂಲು ಸುತ್ತಿದಳು.

ಚೌಕಾಸಿ ಮಾಡಿಯೇ ಬದುಕಿದವಳು ನಾನು, ಆದ್ದರಿಂದ ಹೇಳುತ್ತೇನೆ ಕೇಳಿ. ಸೀರೆಗೆ ಚೌಕಾಸಿ ಮಾಡಿ, ಸೈಟಿಗೆ ಮಾಡಿ, ಬೀಗರ ಹತ್ತಿರವೂ ಮಾಡಿ. ಮಕ್ಕಳ ಬೆನ್ನಿಗೆ ಯಾರಾದರೂ ಮೂರು ತಿಂಗಳು ಅಂದರೆ ಮೂರೂ ತಿಂಗಳು ಕೊಟ್ಟುಬಿಡಿ. ನೋವು ಹೋಯ್ತಾ ಎಂದು ಮಗುವನ್ನು ನಾಲ್ಕು ಜನರ ಎದುರು ಕೇಳಬೇಡಿ. ನಿಮ್ಮ ಮುಖ ನೋಡಿ ಅದು ಉತ್ತರ ಹೇಳುತ್ತದೆ. ಈಗಿನ ಡಾಕ್ಟರಮ್ಮನನ್ನು ಕೇಳಿದೆ: ಅಕ್ಕ ಅವತ್ತು ಬಿಡದೆ ಮಾಡಿದ್ದರೆ ಸರಿಹೋಗುತ್ತಿದ್ದಳಾ? 'ಹೇಳೋಕಾಗಲ್ಲ ಪದ್ಮಮ್ಮ. ಎಲ್ರಿಗೂ ಒಂದೇ ಥರ ಇರಲ್ಲ. ಎರಡು ಪೀರಿಯಡ್ ಕೂತ್ಕೊಂತಿದ್ರು ಅಂದ್ರೆ ದಾರಿ ಸರಿ ಇತ್ತು' ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೋದ ತಿಂಗಳು ಚೈತ್ರಳ ವ್ಯಾಯಾಮದ ಹಾಳೆಯನ್ನು ನಕಲು ಮಾಡಿಸಿಕೊಂಡು, ಒಂದು ಚಾಪೆಯನ್ನೂ ಹಿಡಿದು ತೂಬಗೆರೆಗೆ ಹೋದೆ. ಅಕ್ಕ ನಿಂತೇ ಊಟ ಮಾಡುತ್ತಾಳೆ. ಕೂತರೆ ಏಳಲು ಯಾರಾದರೂ ಬೇಕು. ಚಾಪೆ ಹಾಸಿ, ಹೊಸ ಹಾಳೆಯ ಗೊಂಬೆಗಳನ್ನು ತೋರಿಸಿದೆ. ಇವತ್ತಿಂದಾದರೂ ಶುರುಮಾಡು ಎಂದೆ. ಅವಳು ಸೊಂಟ ಎತ್ತಿದ ಗೊಂಬೆಯ ಮೇಲೆ ಬೆರಳಾಡಿಸಿದಳು.

'ಮಗ್ಗ ಇಲ್ವಲ್ಲೇ ಎಣ್ಸೋಕೆ' ಎಂದಳು ಆಮೇಲೆ. 'ಬಂದಿದ್ದೀಯಲ್ಲ, ಒಂದ್ಸಲ ಕಾಲಿಟ್ಟು ಹೋಗು.'

'ಅದೆಲ್ಲ ಸುಳ್ಳು ಕಣಕ್ಕ.'

'ಗೊತ್ತು. ಇಡೇ.'

ನಾನು ತಂದ ಚಾಪೆಯ ಮೇಲೆ ಗೋಡೆ ಹಿಡಿದು ಬಗ್ಗಿ, ಬೋರಲು ಮಲಗಿದಳು. ಎಡಗಾಲಿಟ್ಟೆ. ಭಾರ ಬಿಡಲಿಲ್ಲ, ಅವಳ ಉಸಿರು ಏರಿ ಇಳಿಯುವುದಷ್ಟೇ ಅಂಗಾಲಿಗೆ ಗೊತ್ತಾಗುತ್ತಿತ್ತು. ನೆಲ ನಡುಗುತ್ತಿರಲಿಲ್ಲ. ಒಂದು, ಎರಡು, ಮೂರು.

'ಹೋಯ್ತು ಕಣೇ' ಎಂದಳು ಅಕ್ಕ, ಮುಖವನ್ನು ಗೋಡೆಯ ಕಡೆಗೇ ಇಟ್ಟುಕೊಂಡು. ಆಮೇಲೆ ಎದ್ದೇಳಲು ಕೈ ಚಾಚಿ ಬಾಗಿಲುವಾಡ ಎಲ್ಲಿದೆ ಎಂದು ತಡಕಾಡಿದಳು.